ತೆಗೆದ ವಿಷ ಎಲ್ಲಿಗೆ ಹೋಯಿತು? ಅಂತರ್ಜಲ ಶುದ್ಧಿಯ ನಾಲ್ಕು ದಶಕಗಳ ಸಿಂಹಾವಲೋಕನ

ನೀರಿನಲ್ಲಿ ತೇಲುವ ಕಸವನ್ನು ಬಟ್ಟೆಯಲ್ಲಿ ಸೋಸಬಹುದು. ಕದಡಿದ ಮಣ್ಣನ್ನು ಪಟಿಕ ಹಾಕಿ ತಳಕ್ಕಿಳಿಸಬಹುದು. ರೋಗಾಣುಗಳನ್ನು ಕುದಿಸಿ ಕೊಲ್ಲಬಹುದು. ಕರಗಿಹೋದ ವಿಷದ ಎದುರು ಈ ಮೂರೂ ಉಪಾಯಗಳು ಸೋಲುತ್ತವೆ. ಫ್ಲೋರೈಡು, ಆರ್ಸೆನಿಕ್ಕು, ಕ್ರೋಮಿಯಂ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಅವು ಇನ್ನಷ್ಟು ಗಟ್ಟಿಯಾಗುತ್ತವೆ. ಕೊಳವೆಬಾವಿಯ ನೀರನ್ನೇ ನೆಚ್ಚಿದ ನಾಡಿಗೆ ಇದಕ್ಕಿಂತ ದೊಡ್ಡ ಆರೋಗ್ಯದ ಪ್ರಶ್ನೆಗಳು ಹೆಚ್ಚಿಲ್ಲ.

ಈ ಪ್ರಶ್ನೆಗೆ ಒಂದು ಹೊಸ ಉತ್ತರ 1985ರಲ್ಲಿ ಸ್ಪಷ್ಟ ರೂಪ ಪಡೆಯಿತು. ಅಮೆರಿಕದ ಒಕ್ಲಹೋಮ ವಿಶ್ವವಿದ್ಯಾಲಯದ ರಾಬರ್ಟ್ ಡನ್, ಜಾನ್ ಸ್ಕೇಮ್‌ಹಾರ್ನ್ ಮತ್ತು ಶೆರಿಲ್ ಕ್ರಿಶ್ಚಿಯನ್ ಆ ವರ್ಷ ಪ್ರಕಟಿಸಿದ ಪ್ರಬಂಧ, ಸೋಪಿನ ಜಾತಿಯ ರಾಸಾಯನಿಕವನ್ನೂ ಸೂಕ್ಷ್ಮ ರಂಧ್ರಗಳ ಪೊರೆಯನ್ನೂ ಜೋಡಿಸಿ ನೀರಿನಲ್ಲಿ ಕರಗಿದ ಮಾಲಿನ್ಯವನ್ನು ಸೋಸಿ ತೆಗೆಯುವ ಬಗೆಯನ್ನು ತೋರಿಸಿತು. ಅಲ್ಲಿಂದ ನಾಲ್ಕು ದಶಕಗಳು ಸಂದಿವೆ. ಈ ಅವಧಿಯಲ್ಲಿ ಆ ವಿಧಾನ ಪ್ರಯೋಗಾಲಯದಿಂದ ನೆಲದಡಿಗೆ ಇಳಿಯಿತು, ಗೆದ್ದಿತು, ಹಿಂದೆ ಸರಿಯಿತು, ಈಗ ಬೇರೊಂದು ರೂಪದಲ್ಲಿ ಮರಳುತ್ತಿದೆ. ಇದೇ ಹೊತ್ತಿನಲ್ಲಿ ಅದರ ಸೋದರ ತಂತ್ರವಾದ ಆರ್‌ಒ ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳ ಮೂಲಕ ಮನೆಮಾತಾಗಿದೆ. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಮತ್ತೆ ಮತ್ತೆ ಎದ್ದು ಬರುತ್ತದೆ. ನೀರಿನಿಂದ ವಿಷವನ್ನು ಬೇರ್ಪಡಿಸುವುದನ್ನು ವಿಜ್ಞಾನ ಬಹುಮಟ್ಟಿಗೆ ಕಲಿತಿದೆ. ಬೇರ್ಪಡಿಸಿದ ವಿಷವನ್ನು ಏನು ಮಾಡಬೇಕೆಂಬುದನ್ನು ನಾವು ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ.

ಎರಡು ಅರಿವುಗಳ ಕೂಡಿಕೆ

ಈ ವಿಧಾನದ ಮೊದಲ ಬೇರು ಸೋಪಿನಲ್ಲಿದೆ. ಸೋಪಿನ ಅಣುವಿಗೆ ಎರಡು ಸ್ವಭಾವ. ತಲೆ ನೀರನ್ನು ಬಯಸುತ್ತದೆ, ಬಾಲ ಎಣ್ಣೆಯನ್ನು ಬಯಸುತ್ತದೆ. ಇಂಥ ಪದಾರ್ಥಗಳಿಗೆ ಒಟ್ಟಾಗಿ ಸರ್ಫ್ಯಾಕ್ಟಂಟ್ ಎಂದು ಹೆಸರು. ನೀರಿನಲ್ಲಿ ಇವುಗಳ ಪ್ರಮಾಣ ಒಂದು ಮಿತಿ ದಾಟಿದೊಡನೆ ಹತ್ತಾರು ಅಣುಗಳು ತಾವಾಗಿಯೇ ಗುಂಪುಗೂಡುತ್ತವೆ. ಬಾಲಗಳೆಲ್ಲ ಒಳಮುಖ, ತಲೆಗಳೆಲ್ಲ ಹೊರಮುಖ. ಇದೇ ಮಿಸೆಲ್. ಟೂತ್‌ಪೇಸ್ಟು, ಶಾಂಪೂಗಳಲ್ಲಿ ಬಳಸುವ ಸೋಡಿಯಂ ಡೋಡೆಸಿಲ್ ಸಲ್ಫೇಟ್ ಒಂದು ಲೀಟರ್ ನೀರಿಗೆ ಸುಮಾರು 2.3 ಗ್ರಾಂ ದಾಟಿದಾಗ ಸುಮಾರು 60 ಅಣುಗಳ ಇಂಥ ಗುಂಪುಗಳನ್ನು ಕಟ್ಟುತ್ತದೆ. ಜಿಡ್ಡಿನ ಪಾತ್ರೆಯಿಂದ ಸೋಪು ಎಣ್ಣೆಯನ್ನು ಎತ್ತಿಕೊಂಡು ಹೋಗುವಂತೆಯೇ, ನೀರಿನಲ್ಲಿ ಕರಗಿದ ಸಾವಯವ ವಿಷಗಳು ಮಿಸೆಲಿನ ಒಡಲು ಸೇರುತ್ತವೆ. ಲೋಹದ ಅಯಾನುಗಳ ದಾರಿ ಬೇರೆ. ಅವು ತಮಗೆ ವಿರುದ್ಧವಾದ ವಿದ್ಯುದಾವೇಶವಿರುವ ಮಿಸೆಲಿನ ಹೊರಮೈಗೆ ಅಂಟಿಕೊಳ್ಳುತ್ತವೆ.

ಎರಡನೆಯ ಬೇರು ಪೊರೆಯಲ್ಲಿದೆ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಸೆಲ್ಯುಲೋಸ್ ಅಸಿಟೇಟಿನಿಂದ ಹೊಸ ಬಗೆಯ ಪೊರೆಯೊಂದನ್ನು ಮಾಡಿದರು. ಮೇಲೆ ಅತಿ ತೆಳುವಾದ ಬಿಗಿ ಪದರ, ಕೆಳಗೆ ರಂಧ್ರಗಳಿಂದ ತುಂಬಿದ ಆಧಾರ. ಉಪ್ಪನ್ನು ತಡೆದು ನೀರನ್ನು ಬಳಸಬಹುದಾದ ವೇಗದಲ್ಲಿ ಬಿಟ್ಟುಕೊಟ್ಟ ಪೊರೆ ಅದು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಲಿಂಗಾ ಎಂಬ ಊರಿನ ಜನ ಇದರಿಂದ ಸೋಸಿದ ನೀರನ್ನು ಕುಡಿಯತೊಡಗಿದರು. ಇಂದಿನ ಆರ್‌ಒ ಯಂತ್ರಗಳೆಲ್ಲ ಆ ವಂಶದವೇ.

ಆದರೆ ಆರ್‌ಒ ಪೊರೆಗೆ ಒತ್ತಡ ಬೇಕು. ಉಪ್ಪುಮಿಶ್ರಿತ ಕೊಳವೆಬಾವಿಯ ನೀರಿಗೆ ಸಾಮಾನ್ಯವಾಗಿ 10ರಿಂದ 25 ಬಾರ್, ಸಮುದ್ರದ ನೀರಿಗೆ 55ರಿಂದ 70 ಬಾರ್. ಅದಕ್ಕಿಂತ ದೊಡ್ಡ ರಂಧ್ರಗಳ ಅಲ್ಟ್ರಾಫಿಲ್ಟ್ರೇಷನ್ ಪೊರೆ ಕೆಲವೇ ಬಾರ್ ಒತ್ತಡದಲ್ಲಿ ನೀರನ್ನು ಧಾರಾಳವಾಗಿ ಬಿಡುತ್ತದೆ. ಅದರ ತೊಡಕೆಂದರೆ ಕರಗಿದ ಸಣ್ಣ ಅಣುಗಳು ಅದರಲ್ಲಿ ಸರಾಗವಾಗಿ ನುಸುಳಿಹೋಗುತ್ತವೆ. ಒಕ್ಲಹೋಮದವರು ಗಟ್ಟಿಗೊಳಿಸಿದ ಉಪಾಯ ಇಲ್ಲಿದೆ. ರಂಧ್ರವನ್ನು ಕಿರಿದು ಮಾಡುವ ಬದಲು ವಿಷವನ್ನೇ ಹಿರಿದು ಮಾಡುವುದು. ನೀರಿಗೆ ಸರ್ಫ್ಯಾಕ್ಟಂಟ್ ಬೆರೆಸಿದರೆ ವಿಷದ ಅಣು ಮಿಸೆಲಿಗೆ ಸೇರುತ್ತದೆ. ನಾಲ್ಕೈದು ನ್ಯಾನೋಮೀಟರಿನ ಮಿಸೆಲ್ ಪೊರೆಯ ಇತ್ತ ಕಡೆ ಉಳಿಯುತ್ತದೆ, ನೀರು ಅತ್ತ ಹೋಗುತ್ತದೆ. ಕಡಿಮೆ ಒತ್ತಡ ಎಂದರೆ ಕಡಿಮೆ ವಿದ್ಯುತ್ತು. ಜೊತೆಗೆ, ನೀರಿನಲ್ಲಿರುವ ಒಳ್ಳೆಯ ಲವಣಗಳನ್ನು ಹೆಚ್ಚು ಮುಟ್ಟದೆ ಬೇಡದ್ದನ್ನಷ್ಟೇ ಆರಿಸಿ ತೆಗೆಯುವ ಸಾಧ್ಯತೆ.

ಗೆಲುವು ಮತ್ತು ಮಿತಿ

ಮೊದಲ ಫಲಿತಾಂಶಗಳು ಆಶೆ ಹುಟ್ಟಿಸಿದವು. ಸಿಟೈಲ್‌ಪಿರಿಡಿನಿಯಂ ಕ್ಲೋರೈಡ್ ಎಂಬ, ಬಾಯಿ ಮುಕ್ಕಳಿಸುವ ಔಷಧಿಗಳಲ್ಲೂ ಇರುವ ಧನಾವೇಶದ ಸರ್ಫ್ಯಾಕ್ಟಂಟನ್ನು ಬಳಸಿ ಕೆಲವು ಸಾವಯವ ಮಾಲಿನ್ಯಗಳನ್ನು ಶೇ 99ರಷ್ಟು ತಡೆಹಿಡಿಯಲು ಸಾಧ್ಯವಾಯಿತು. ಋಣಾವೇಶದ ಕ್ರೋಮೇಟ್ ಇದೇ ಸರ್ಫ್ಯಾಕ್ಟಂಟಿಗೆ ಬಿಗಿಯಾಗಿ ಅಂಟಿತು. ತಾಮ್ರ, ಸತು, ಕ್ಯಾಡ್ಮಿಯಂಗಳಂಥ ಧನಾವೇಶದ ಲೋಹಗಳನ್ನು ಸೋಡಿಯಂ ಡೋಡೆಸಿಲ್ ಸಲ್ಫೇಟ್ ಹಿಡಿದುಕೊಂಡಿತು. ನಂತರದ ವರ್ಷಗಳಲ್ಲಿ ಜಗತ್ತಿನ ಅನೇಕ ಪ್ರಯೋಗಾಲಯಗಳು ಈ ದಾರಿಯಲ್ಲಿ ನಡೆದವು. ನಮ್ಮ ದೇಶದಲ್ಲಿ ಖರಗ್‌ಪುರದ ಐಐಟಿಯ ಸಿರ್ಷೇಂದು ದೇ ಮತ್ತು ಸಂಗಡಿಗರು ಬಣ್ಣಗಳು, ಫಿನಾಲ್ ಜಾತಿಯ ವಿಷಗಳು, ಲೋಹಗಳ ಮೇಲೆ ಮಾಡಿದ ಕೆಲಸ ಈ ಕ್ಷೇತ್ರದ ಗಣ್ಯ ಕೊಡುಗೆಗಳಲ್ಲಿ ಒಂದು. ಪೊರೆಗಳ ತಯಾರಿಕೆಯ ಬಗ್ಗೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲೂ ಸಂಶೋಧನೆ ನಡೆದುಬಂದಿದೆ.

ಮಿತಿಗಳೂ ಬೇಗನೆ ಕಂಡವು. ಮೊದಲನೆಯದು ಸೋರಿಕೆ. ಮಿಸೆಲ್‌ಗಳು ಪೊರೆಯನ್ನು ದಾಟುವುದಿಲ್ಲ, ನಿಜ. ಆದರೆ ಗುಂಪು ಸೇರದೆ ಒಂಟಿಯಾಗಿ ತಿರುಗುವ ಸರ್ಫ್ಯಾಕ್ಟಂಟ್ ಅಣುಗಳು ದಾಟುತ್ತವೆ. ಮಿಸೆಲ್ ಕಟ್ಟಲು ಬೇಕಾದ ಮಿತಿಯಷ್ಟು ಪ್ರಮಾಣ ಯಾವಾಗಲೂ ಒಂಟಿಯಾಗಿ ಉಳಿದೇ ಇರುತ್ತದೆ. ಲೀಟರಿಗೆ ಕೆಲವು ಮಿಲಿಗ್ರಾಂ ಕ್ರೋಮಿಯಂ ತೆಗೆಯಲು ಹೋಗಿ ಲೀಟರಿಗೆ ನೂರಾರು ಮಿಲಿಗ್ರಾಂ ಸರ್ಫ್ಯಾಕ್ಟಂಟನ್ನು ನೀರಿಗೆ ಬಿಟ್ಟರೆ ಅದು ಶುದ್ಧೀಕರಣವಾಗದು. ಸಿಟೈಲ್‌ಪಿರಿಡಿನಿಯಂ ಕ್ಲೋರೈಡ್ ಜಲಚರಗಳಿಗೆ ವಿಷ. ಹೀಗಾಗಿ ಸಂಶೋಧನೆಯ ದೊಡ್ಡ ಪಾಲು ಈ ಸೋರಿಕೆಯನ್ನು ಕಟ್ಟುವುದಕ್ಕೇ ಮುಡಿಪಾಯಿತು. ಆವೇಶವಿಲ್ಲದ ಇನ್ನೊಂದು ಸರ್ಫ್ಯಾಕ್ಟಂಟನ್ನು ಬೆರೆಸಿ ಮಿತಿಯನ್ನು ತಗ್ಗಿಸುವುದು, ಸೋಸಿದ ನೀರನ್ನು ಮತ್ತೊಮ್ಮೆ ಇದ್ದಿಲಿನಲ್ಲಿ ಹಾಯಿಸುವುದು, ಸರ್ಫ್ಯಾಕ್ಟಂಟಿಗೆ ಬದಲು ಉದ್ದನೆಯ ಪಾಲಿಮರುಗಳನ್ನು ಬಳಸುವುದು, ಬ್ಯಾಕ್ಟೀರಿಯಾಗಳು ತಾವೇ ಉತ್ಪಾದಿಸುವ ರ್‍ಯಾಮ್ನೋಲಿಪಿಡ್‌ನಂಥ ಜೈವಿಕ ಸರ್ಫ್ಯಾಕ್ಟಂಟುಗಳನ್ನು ಹಚ್ಚುವುದು, ಇವೆಲ್ಲ ಆ ಪ್ರಯತ್ನದ ಕವಲುಗಳು. ಜೈವಿಕ ಬಗೆಗಳು ಬಹಳ ಕಡಿಮೆ ಪ್ರಮಾಣದಲ್ಲೇ ಮಿಸೆಲ್ ಕಟ್ಟುತ್ತವೆ, ಮಣ್ಣಿನಲ್ಲಿ ಬೇಗ ಕೊಳೆಯುತ್ತವೆ. ಅವುಗಳ ಬೆಲೆಯೇ ಈಗ ದೊಡ್ಡ ಅಡ್ಡಿ.

ಎರಡನೆಯ ಮಿತಿ ರಸಾಯನದ್ದು. ಆವೇಶ ಹೊಂದದ ವಿಷವನ್ನು ಆವೇಶದ ಮಿಸೆಲ್ ಹಿಡಿಯಲಾರದು. ಆರ್ಸೆನಿಕ್ಕಿನ ಆರ್ಸೆನೇಟ್ ರೂಪವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಆಮ್ಲಜನಕ ಕಡಿಮೆಯಿರುವ ಆಳದ ನೀರಿನಲ್ಲಿರುವ ಆರ್ಸೆನೈಟ್ ರೂಪ ಸಾಮಾನ್ಯ ಸ್ಥಿತಿಯಲ್ಲಿ ಆವೇಶವಿಲ್ಲದ್ದು, ಕೈಗೆ ಸಿಗುವುದಿಲ್ಲ. ಮೊದಲು ಅದನ್ನು ಆಕ್ಸಿಡೀಕರಿಸಬೇಕು. ನಮಗೆ ಮುಖ್ಯವಾದ ಫ್ಲೋರೈಡ್ ಪುಟ್ಟ ಅಯಾನು. ತನ್ನ ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಹೊದ್ದಿರುವುದರಿಂದ ಮಿಸೆಲಿನ ಮೈಗೆ ಗಟ್ಟಿಯಾಗಿ ಅಂಟುವುದಿಲ್ಲ. ಆದ್ದರಿಂದ ಸರ್ಫ್ಯಾಕ್ಟಂಟಿನ ವಿಧಾನ ಫ್ಲೋರೈಡಿನಿಂದ ನರಳುವ ಪಾವಗಡಕ್ಕೋ ಮುಂಡರಗಿಗೋ ಸಿದ್ಧ ಪರಿಹಾರ ಎಂದು ಹೇಳುವುದು ಜನರಿಗೆ ಸುಳ್ಳು ಭರವಸೆ ಕೊಟ್ಟಂತೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪೊರೆಯ ಇತ್ತ ಉಳಿದ ದ್ರವದಲ್ಲಿ ವಿಷವೂ ಇದೆ, ಸರ್ಫ್ಯಾಕ್ಟಂಟೂ ಇದೆ. ಎರಡನ್ನೂ ಬಿಡಿಸದಿದ್ದರೆ ದುಬಾರಿ ಸರ್ಫ್ಯಾಕ್ಟಂಟ್ ಒಂದೇ ಬಳಕೆಗೆ ಮುಗಿಯುತ್ತದೆ, ವಿಷ ಮೊದಲಿಗಿಂತ ಗಟ್ಟಿಯಾಗಿ ಕೈಯಲ್ಲಿ ಉಳಿಯುತ್ತದೆ. ಈ ವಿಧಾನದ ಹಣೆಬರಹ ಬರೆದದ್ದು ಪೊರೆಯಾಚೆ ಹೋದ ನೀರಲ್ಲ, ಪೊರೆಯೀಚೆ ಉಳಿದ ದ್ರವ.

ನೆಲದಡಿಯ ಪರೀಕ್ಷೆ

ಅಮೆರಿಕದಲ್ಲಿ 1980ರ ಸೂಪರ್‌ಫಂಡ್ ಕಾನೂನಿನ ನಂತರ ಕಲುಷಿತ ತಾಣಗಳ ಪಟ್ಟಿ ಬೆಳೆಯುತ್ತ ಹೋಯಿತು. ಅವುಗಳಲ್ಲಿ ಅತಿ ಹಟಮಾರಿಗಳು ಟ್ರೈಕ್ಲೋರೋಎಥಿಲೀನ್ ಮತ್ತು ಪರ್‌ಕ್ಲೋರೋಎಥಿಲೀನ್. ಮೊದಲನೆಯದು ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು, ಎರಡನೆಯದು ಡ್ರೈಕ್ಲೀನಿಂಗಿಗೆ ಬಳಕೆಯಾದ ದ್ರಾವಕ. ಇವು ನೀರಿಗಿಂತ ಭಾರ. ನೆಲಕ್ಕೆ ಚೆಲ್ಲಿದರೆ ಅಂತರ್ಜಲದ ಮೇಲೆ ತೇಲದೆ ತಳಕ್ಕೆ ಮುಳುಗಿ, ಜೇಡಿಯ ಪದರದ ಮೇಲೆ ಮಡುಗಟ್ಟಿ, ದಶಕಗಟ್ಟಲೆ ಸ್ವಲ್ಪ ಸ್ವಲ್ಪವೇ ಕರಗುತ್ತವೆ. ಅಮೆರಿಕದ ಕುಡಿಯುವ ನೀರಿನ ಮಿತಿ ಈ ಎರಡಕ್ಕೂ ಲೀಟರಿಗೆ 5 ಮೈಕ್ರೋಗ್ರಾಂ. ಈ ಲೆಕ್ಕದಲ್ಲಿ ಒಂದೇ ಲೀಟರ್ ಟ್ರೈಕ್ಲೋರೋಎಥಿಲೀನ್ ಸುಮಾರು 29 ಕೋಟಿ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲದು.

ಬಾವಿ ತೋಡಿ, ನೀರೆತ್ತಿ, ಶುದ್ಧೀಕರಿಸುವುದು ಆಗ ರೂಢಿಯಲ್ಲಿದ್ದ ಕ್ರಮ. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇಂಥ 77 ತಾಣಗಳನ್ನು ಪರಿಶೀಲಿಸಿದಾಗ 69 ತಾಣಗಳು ಗುರಿ ಮುಟ್ಟಿರಲಿಲ್ಲ. ಮೇಲಿನ ನೀರು ಶುದ್ಧವಾದಷ್ಟೂ ತಳದ ಮಡುವಿನಿಂದ ವಿಷ ಮತ್ತೆ ಕರಗಿ ಬರುತ್ತಿತ್ತು. ಮಡುವನ್ನೇ ಕರಗಿಸಿ ಎತ್ತಬೇಕು ಎಂಬ ಯೋಚನೆ ಹುಟ್ಟಿದ್ದು ಈ ಸೋಲಿನಿಂದ. ಸರ್ಫ್ಯಾಕ್ಟಂಟನ್ನು ನೆಲದಡಿಗೆ ಹರಿಸಿದರೆ ದ್ರಾವಕದ ಕರಗುವಿಕೆ ಹಲವು ಪಟ್ಟು ಏರುತ್ತದೆ.

ಕೆನಡಾದ ಒಂಟಾರಿಯೋದ ಬೋರ್ಡನ್‌ನಲ್ಲಿ 1990ರ ದಶಕದ ಆರಂಭದಲ್ಲಿ ಬಫಲೋ ವಿಶ್ವವಿದ್ಯಾಲಯದ ಜಾನ್ ಫೌಂಟನ್ ಮತ್ತು ಸಂಗಡಿಗರು ಸುತ್ತ ಗೋಡೆ ಕಟ್ಟಿದ ಸಣ್ಣ ತಾಣದಲ್ಲಿ, ಅಳೆದು ಬಿಟ್ಟ ಪರ್‌ಕ್ಲೋರೋಎಥಿಲೀನನ್ನು ಹೀಗೆ ತೊಳೆದು ತೆಗೆಯುವ ಪರೀಕ್ಷೆ ಮಾಡಿದರು. 1996ರಲ್ಲಿ ಯೂಟಾ ರಾಜ್ಯದ ಹಿಲ್ ವಾಯುಪಡೆ ನೆಲೆಯ ಪರೀಕ್ಷೆ ಇನ್ನೂ ಮುಂದೆ ಹೋಯಿತು. ಪರೀಕ್ಷೆಗೆ ಆರಿಸಿದ ಭಾಗದಲ್ಲಿದ್ದ ದ್ರಾವಕದಲ್ಲಿ ಶೇ 98ಕ್ಕಿಂತ ಹೆಚ್ಚು ಪಾಲು ಹೊರಬಂತು. ಅಲ್ಲಿನ ನೆಲ ಮರಳು ಜಲ್ಲಿಗಳದು, ಕೆಳಗೆ ಜೇಡಿಯ ಬಿಗಿ ತಳ. ಸರ್ಫ್ಯಾಕ್ಟಂಟ್ ಹಾಯಲು ಹೇಳಿ ಮಾಡಿಸಿದಂಥ ಜಾಗ.

ಉತ್ತರ ಕೆರೊಲೈನಾದ ಕ್ಯಾಂಪ್ ಲಿಜೂನ್ ನೌಕಾಸೈನಿಕ ನೆಲೆಯ ಕತೆ ಇದಕ್ಕಿಂತ ನೋವಿನದು. 1953ರಿಂದ 1987ರವರೆಗೆ ಅಲ್ಲಿನ ಕುಡಿಯುವ ನೀರಿನಲ್ಲಿ ಈ ದ್ರಾವಕಗಳು ಸೇರಿದ್ದವು. ಸೈನಿಕರು, ಅವರ ಹೆಂಡತಿ ಮಕ್ಕಳು ಸೇರಿ ಹತ್ತು ಲಕ್ಷದಷ್ಟು ಜನ ಆ ನೀರನ್ನು ಬಳಸಿರಬಹುದೆಂಬ ಅಂದಾಜಿದೆ. ಒಂದು ಮಾದರಿಯಲ್ಲಿ ಟ್ರೈಕ್ಲೋರೋಎಥಿಲೀನ್ ಲೀಟರಿಗೆ 1,400 ಮೈಕ್ರೋಗ್ರಾಂ ಇತ್ತು. ಕಾಯಿಲೆ ಬಿದ್ದವರಿಗೆ ನ್ಯಾಯಾಲಯದ ಬಾಗಿಲು ತೆರೆಯುವ ಕಾನೂನು ಬಂದದ್ದು 2022ರಲ್ಲಿ. ಅದೇ ನೆಲೆಯ ಡ್ರೈಕ್ಲೀನಿಂಗ್ ಘಟಕದ ಅಡಿಯ ನೆಲದಲ್ಲಿ 1999ರಲ್ಲಿ ಸರ್ಫ್ಯಾಕ್ಟಂಟ್ ಹರಿಸಿ ಪರ್‌ಕ್ಲೋರೋಎಥಿಲೀನ್ ಎತ್ತುವ ಪ್ರಾತ್ಯಕ್ಷಿಕೆ ನಡೆಯಿತು. ಮೇಲೆ ಬಂದ ದ್ರವದಿಂದ ಮೊದಲು ದ್ರಾವಕವನ್ನು ಬೇರ್ಪಡಿಸಿ, ಉಳಿದ ಸರ್ಫ್ಯಾಕ್ಟಂಟನ್ನು ಅಲ್ಟ್ರಾಫಿಲ್ಟ್ರೇಷನ್ ಪೊರೆಯಲ್ಲಿ ಗಟ್ಟಿಮಾಡಿ ಮತ್ತೆ ನೆಲದಡಿಗೆ ಹರಿಸಿದರು. ನಮ್ಮ ಸಿಂಹಾವಲೋಕನದಲ್ಲಿ ಈ ಪ್ರಯೋಗಕ್ಕೆ ಹೆಚ್ಚಿನ ಬೆಲೆಯಿದೆ. ವಿಷ ಎಲ್ಲಿಗೆ, ಸರ್ಫ್ಯಾಕ್ಟಂಟ್ ಎಲ್ಲಿಗೆ ಎಂಬ ಎರಡೂ ಪ್ರಶ್ನೆಗಳಿಗೆ ಒಂದೇ ತಾಣದಲ್ಲಿ ಉತ್ತರ ಹುಡುಕಿದ ಪ್ರಯತ್ನ ಅದು. ನೀರು ಸುಲಭವಾಗಿ ಹಾಯುವ ಪದರ ಚೆನ್ನಾಗಿ ಶುದ್ಧವಾಯಿತು. ಅದರಡಿಯ ನುಣುಪು ಹೂಳಿನಲ್ಲಿ ಸಿಕ್ಕಿಕೊಂಡದ್ದು ಉಳಿದುಬಿಟ್ಟಿತು.

ಹಿಂದೆ ಸರಿದ ಕಾರಣ

ಆ ಉಳಿದುಬಿಟ್ಟ ಪಾಲೇ ಮುಂದಿನ ದಾರಿಯನ್ನು ತೀರ್ಮಾನಿಸಿತು. ದ್ರವ ಯಾವಾಗಲೂ ಸಲೀಸಾದ ಹಾದಿಯಲ್ಲಿ ಹರಿಯುತ್ತದೆ. ವಿಷ ಕೂತಿರುವುದು ಬಿಗಿಯಾದ ಸಂದಿಗಳಲ್ಲಿ. ಸರ್ಫ್ಯಾಕ್ಟಂಟ್ ಖರೀದಿ, ಬಾವಿಗಳ ಜಾಲ, ಮೇಲೆ ಬಂದ ದ್ರವದ ಸಂಸ್ಕರಣೆ, ಪರವಾನಗಿ ಎಲ್ಲ ಸೇರಿ ಖರ್ಚು ಏರಿತು. ಕರಗಿದ ವಿಷ ಹಿಡಿತ ತಪ್ಪಿ ಇನ್ನೂ ಆಳಕ್ಕೆ ಇಳಿಯಬಹುದೆಂಬ ಭಯವೂ ಇತ್ತು.

ಅದೇ ಹೊತ್ತಿಗೆ ಬೇರೆ ದಾರಿಗಳು ತೆರೆದವು. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರ್‌ಕ್ಲೋರೋಎಥಿಲೀನಿನ ಕ್ಲೋರಿನ್ನುಗಳನ್ನು ಒಂದೊಂದಾಗಿ ಕಿತ್ತು ಕೊನೆಗೆ ನಿರುಪದ್ರವಿ ಎಥಿಲೀನ್ ಆಗಿಸುವ ಬ್ಯಾಕ್ಟೀರಿಯಾವನ್ನು ವಿವರಿಸಿದರು. ಇಂದು ಡೀಹ್ಯಾಲೋಕೊಕಾಯ್ಡಿಸ್ ಗುಂಪಿನ ಈ ಜೀವಿಗಳನ್ನು ನೆಲದಡಿಗೆ ಸೇರಿಸಿ, ಅವಕ್ಕೆ ಆಹಾರ ಕೊಟ್ಟು ಶುದ್ಧಿ ಮಾಡಿಸುವುದು ಹಲವೆಡೆ ರೂಢಿಯಾಗಿದೆ. ಪರ್ಮಾಂಗನೇಟಿನಂಥ ರಾಸಾಯನಿಕ ಹರಿಸಿ ದ್ರಾವಕವನ್ನು ಸ್ಥಳದಲ್ಲೇ ಒಡೆಯುವುದು, ನೆಲವನ್ನು ಬಿಸಿ ಮಾಡಿ ಆವಿಯಾಗಿ ಹೊರತೆಗೆಯುವುದು ಇತರ ಮಾರ್ಗಗಳು. ಮೊದಲೆರಡು ಏಕೆ ಗೆದ್ದವು ಎಂದು ನೋಡಬೇಕು. ಅವು ವಿಷವನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸಲಿಲ್ಲ, ವಿಷವನ್ನೇ ನಾಶ ಮಾಡಿದವು. ಸರ್ಫ್ಯಾಕ್ಟಂಟೂ ಪೊರೆಯೂ ಮಾಡಲಾಗದ ಕೆಲಸ ಅದು. ಹಾಗೆಂದು ಅವು ಸೋತವೆಂದು ತೀರ್ಪು ಕೊಡುವುದು ಸರಿಯಲ್ಲ. ಬೇರ್ಪಡಿಸುವುದು ಅರ್ಧ ಕೆಲಸ, ನಾಶ ಅಥವಾ ಮರುಬಳಕೆ ಉಳಿದರ್ಧ. ಎರಡೂ ಕೂಡಿದಾಗಲೇ ಕೆಲಸ ಪೂರ್ಣ.

ವಿಷವೇ ಸರ್ಫ್ಯಾಕ್ಟಂಟ್ ಆದಾಗ

ಕಳೆದ ದಶಕದಲ್ಲಿ ಈ ಕ್ಷೇತ್ರ ಹೊಸ ಜೀವ ಪಡೆದದ್ದು ಪಿಎಫ್‌ಎಎಸ್ ಎಂಬ ಫ್ಲೋರಿನ್‌ಭರಿತ ರಾಸಾಯನಿಕಗಳಿಂದ. ಅಂಟದ ಬಾಣಲೆ, ನೀರು ಹಿಡಿಯದ ಬಟ್ಟೆ, ವಿಮಾನ ನಿಲ್ದಾಣಗಳಲ್ಲಿ ಬೆಂಕಿ ಆರಿಸುವ ನೊರೆ, ಎಲ್ಲೆಡೆ ಇವು ಬಳಕೆಯಾಗಿವೆ. ಕಾರ್ಬನ್ ಮತ್ತು ಫ್ಲೋರಿನ್ ನಡುವಿನ ಗಟ್ಟಿ ಬೆಸುಗೆಯಿಂದಾಗಿ ಇವು ಕೊಳೆಯುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಇವುಗಳಲ್ಲಿ ಎರಡು ಮುಖ್ಯ ರಾಸಾಯನಿಕಗಳಿಗೆ ಲೀಟರಿಗೆ 4 ನ್ಯಾನೋಗ್ರಾಂ ಮಿತಿ ಗೊತ್ತುಪಡಿಸಿತು. ಒಂದು ಲಕ್ಷ ಕೋಟಿ ಪಾಲಿನಲ್ಲಿ ನಾಲ್ಕೇ ಪಾಲು.

ಈ ರಾಸಾಯನಿಕಗಳಲ್ಲಿ ಬಹಳಷ್ಟು ತಾವೇ ಸರ್ಫ್ಯಾಕ್ಟಂಟುಗಳು. ಆ ಗುಣವನ್ನೇ ಅವುಗಳ ವಿರುದ್ಧ ತಿರುಗಿಸಲಾಗಿದೆ. ಕಲುಷಿತ ಅಂತರ್ಜಲದಲ್ಲಿ ಗಾಳಿಯ ಗುಳ್ಳೆಗಳನ್ನು ಎಬ್ಬಿಸಿದರೆ ಉದ್ದ ಸರಪಳಿಯ ಪಿಎಫ್‌ಎಎಸ್ ಗುಳ್ಳೆಯ ಮೈಗೆ ಅಂಟಿ ನೊರೆಯಾಗಿ ಮೇಲೆ ಬರುತ್ತದೆ. ನೊರೆಯನ್ನು ಎತ್ತಿದರೆ ನೀರು ತಿಳಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಓಕಿ ಸೇನಾ ನೆಲೆಯಲ್ಲಿ 2019ರಿಂದ ಇಂಥ ಘಟಕ ಕೆಲಸ ಮಾಡಿದೆ. ಗಿಡ್ಡ ಸರಪಳಿಯವು ನೊರೆಗೆ ಸುಲಭವಾಗಿ ಬರುವುದಿಲ್ಲ. ಅವಕ್ಕೆ ನ್ಯಾನೋಫಿಲ್ಟ್ರೇಷನ್ ಅಥವಾ ಆರ್‌ಒ ಪೊರೆ ಬೇಕು. ನೊರೆಯಲ್ಲಾಗಲಿ ಪೊರೆಯಲ್ಲಾಗಲಿ ಸಂಗ್ರಹವಾದ ಗಟ್ಟಿ ದ್ರವವನ್ನು ಅತಿ ಹೆಚ್ಚಿನ ತಾಪ ಮತ್ತು ಒತ್ತಡದಲ್ಲಿ, ಇಲ್ಲವೇ ವಿದ್ಯುತ್ತಿನಿಂದ ಒಡೆಯುವ ಯಂತ್ರಗಳು ಈಗ ಪರೀಕ್ಷೆಯ ಹಂತದಿಂದ ಮೇಲೇರುತ್ತಿವೆ. ಕ್ಯಾಂಪ್ ಲಿಜೂನ್‌ನಲ್ಲಿ ಕಲಿತ ಪಾಠ ಇಲ್ಲಿ ಫಲ ಕೊಟ್ಟಿದೆ. ಬೇರ್ಪಡಿಸುವವರೂ ನಾಶಪಡಿಸುವವರೂ ಇಂದು ಒಂದೇ ನಕ್ಷೆಯ ಮೇಲೆ ಕೆಲಸ ಮಾಡುತ್ತಿದ್ದಾರೆ.

ನಮ್ಮ ನೆಲದ ಲೆಕ್ಕ

ಇನ್ನು ನಮ್ಮ ಕಡೆ ತಿರುಗೋಣ. ಕರ್ನಾಟಕದ ಮೈದಾನ ಪ್ರದೇಶದ ಬಹುಭಾಗ ಗಟ್ಟಿ ಶಿಲೆಯ ನಾಡು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಗ್ರಾನೈಟು ನೈಸ್ ಕಲ್ಲುಗಳಲ್ಲಿರುವ ಖನಿಜಗಳಿಂದ ಫ್ಲೋರೈಡು ನೀರಿಗೆ ಇಳಿಯುತ್ತದೆ. ಕೊಳವೆಬಾವಿ ಸಾವಿರ ಅಡಿ ದಾಟಿದ ಕಡೆ ನೀರು ಕಲ್ಲಿನೊಡನೆ ಕಳೆದ ಕಾಲವೂ ಹೆಚ್ಚು, ಕರಗಿಸಿಕೊಂಡದ್ದೂ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪುತ್ತದೆ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಅದಕ್ಕೂ ಮೀರಿದ ನೀರು ಕುಡಿದು ಹಲ್ಲು ಕಂದಿದ ಮಕ್ಕಳೂ ಮೂಳೆ ಬಾಗಿದ ಹಿರಿಯರೂ ಈ ಜಿಲ್ಲೆಗಳಲ್ಲಿದ್ದಾರೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಕಂಡುಬಂದಿದೆ. ರಾಜ್ಯದ ಪೂರ್ವ ಜಿಲ್ಲೆಗಳ ಕೆಲವು ಕೊಳವೆಬಾವಿಗಳಲ್ಲಿ ಯುರೇನಿಯಂ ಮಾನಕದ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ದಾಟಿದೆ.

ಇದಕ್ಕೆ ನಾವು ಕಂಡುಕೊಂಡ ಮುಖ್ಯ ಉತ್ತರ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುವ ಈ ಘಟಕಗಳು ಸಾವಿರಾರು ಹಳ್ಳಿಗಳಲ್ಲಿವೆ. ಇವು ಮಾಡಿದ ಉಪಕಾರ ದೊಡ್ಡದು. ಫ್ಲೋರೈಡು ತುಂಬಿದ ನೀರನ್ನೇ ಕುಡಿಯಬೇಕಾಗಿದ್ದ ಮನೆಗಳಿಗೆ ಕೈಗೆಟುಕುವ ಬೆಲೆಯಲ್ಲಿ ಸುರಕ್ಷಿತ ನೀರು ಸಿಕ್ಕಿತು. ಆ ಸಾಧನೆಯನ್ನು ಯಾರೂ ಕಡೆಗಣಿಸಬಾರದು.

ಅಷ್ಟಕ್ಕೆ ಲೆಕ್ಕ ಮುಗಿಯುವುದಿಲ್ಲ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡಿರುವ ನೀರಿನಲ್ಲಿ ಅರ್ಧ ಶುದ್ಧವಾಗಿ, ಅರ್ಧ ಪೊರೆ ತಡೆದ ತ್ಯಾಜ್ಯನೀರಾಗಿ, ಅಂದರೆ ರಿಜೆಕ್ಟ್ ಆಗಿ ಹೊರಬಿದ್ದರೆ, ಆ ರಿಜೆಕ್ಟಿನಲ್ಲಿ ಹೆಚ್ಚುಕಡಿಮೆ 6 ಮಿಲಿಗ್ರಾಂ ಇರುತ್ತದೆ. ಅನೇಕ ಊರುಗಳಲ್ಲಿ ಆ ನೀರು ಘಟಕದ ಹಿಂದಿನ ಚರಂಡಿಗೆ ಹೋಗುತ್ತದೆ. ಚರಂಡಿ ಕೆರೆಗೆ, ಕೆರೆ ಅಂತರ್ಜಲಕ್ಕೆ. ಇದನ್ನು ಅಳೆಯುವ ವ್ಯವಸ್ಥೆ ಬಹುತೇಕ ಕಡೆ ಇಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ, ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವ ಕಡೆ ಆರ್‌ಒ ಬೇಡ, ಬಳಸುವ ಕಡೆ ಕನಿಷ್ಠ ಶೇ 60ರಷ್ಟು ನೀರನ್ನು ಉಳಿಸಿಕೊಳ್ಳಬೇಕು, ಮುಂದೆ ಅದು ಶೇ 75ಕ್ಕೆ ಏರಬೇಕು ಎಂದು ಹೇಳಿತು. ನೀರು ಉಳಿಸುವ ದೃಷ್ಟಿಯಿಂದ ಒಳ್ಳೆಯ ಮಾತು. ಆದರೆ ನೀರು ಹೆಚ್ಚು ಉಳಿದಷ್ಟೂ ರಿಜೆಕ್ಟ್ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ಸೇರಿಸಿಯೇ ಯೋಚಿಸಬೇಕು. ಪಟಿಕ ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನದಲ್ಲಿ ಕೆಸರು ಉಳಿಯುತ್ತದೆ. ಆಕ್ಟಿವೇಟೆಡ್ ಅಲ್ಯುಮಿನಾ ಸೋಸುಕಗಳನ್ನು ತೊಳೆದಾಗ ಫ್ಲೋರೈಡು ತುಂಬಿದ ಕ್ಷಾರದ್ರವ ಉಳಿಯುತ್ತದೆ. ಹೆಸರು ಯಾವುದಾದರೂ ಪ್ರಶ್ನೆ ಒಂದೇ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಲೆಕ್ಕ ಬೇರೆ. ಅಲ್ಲಿ ವಿಷ ಕಲ್ಲಿನಿಂದ ಇಳಿದದ್ದಲ್ಲ, ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿಗಳಿಂದ ಇಳಿದದ್ದು. ಆ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ಸರ್ಫ್ಯಾಕ್ಟಂಟ್ ಮತ್ತು ಪೊರೆಯ ವಿಧಾನಕ್ಕೆ ನಮ್ಮ ರಾಜ್ಯದಲ್ಲಿ ನಿಜವಾದ ಜಾಗವಿದ್ದರೆ ಅದು ಇಲ್ಲಿ. ಕ್ರೋಮೇಟ್ ಮಿಸೆಲಿಗೆ ಬಿಗಿಯಾಗಿ ಅಂಟುತ್ತದೆ, ಪ್ಲೇಟಿಂಗ್ ತೊಟ್ಟಿಯ ತೊಳೆನೀರಿನಲ್ಲಿ ಅದರ ಪ್ರಮಾಣವೂ ಸಾಕಷ್ಟಿರುತ್ತದೆ, ಹಿಡಿದ ಕ್ರೋಮಿಯಂ ಅದೇ ಕಾರ್ಖಾನೆಗೆ ಬೇಕಾದ ವಸ್ತುವೂ ಹೌದು. ನೆಲಕ್ಕೆ ಇಳಿಯುವ ಮೊದಲೇ, ತೊಟ್ಟಿಯ ಪಕ್ಕದಲ್ಲೇ ಹಿಡಿದರೆ ವಿಷ ಕಚ್ಚಾವಸ್ತುವಾಗುತ್ತದೆ. ನೆಲಕ್ಕಿಳಿದ ಮೇಲೆ ಅದೇ ವಸ್ತು ತಲೆಮಾರುಗಳ ಶಾಪ.

ಸರ್ಫ್ಯಾಕ್ಟಂಟುಗಳ ಬಗ್ಗೆ ಎಚ್ಚರಿಕೆಯ ಪಾಠವೂ ನಮ್ಮ ಮನೆಬಾಗಿಲಲ್ಲೇ ಇದೆ. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ಹೊತ್ತಿ ಉರಿದದ್ದು ಜಗತ್ತಿನ ಸುದ್ದಿಯಾಯಿತು. ಅಲ್ಲಿನ ನೊರೆಯ ಹಿಂದೆ ಮನೆಮನೆಯ ಡಿಟರ್ಜಂಟಿನ ಸರ್ಫ್ಯಾಕ್ಟಂಟುಗಳು ಕೆರೆಯ ಹೂಳಿನಲ್ಲಿ ಕೂಡಿಕೊಂಡು ಮಳೆಗೆ ಮೇಲೇಳುವ ಕ್ರಿಯೆಯಿದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಶುದ್ಧಿಯ ಸಾಧನವೂ ಲೆಕ್ಕ ತಪ್ಪಿದರೆ ಮಾಲಿನ್ಯವೇ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಬತ್ತಿದ ಕೊಳವೆಬಾವಿಗಳಿಗೆ ಅದು ಜೀವ ತಂದಿದೆ. ಅದರಲ್ಲಿ ಉಳಿದಿರಬಹುದಾದ ಕರಗಿದ ರಾಸಾಯನಿಕಗಳ ನಿಯಮಿತ ತಪಾಸಣೆ ಆ ಜಿಲ್ಲೆಯ ಜನರ ಹಕ್ಕು.

ಮುಂದೆ ಆಗಬೇಕಾದದ್ದು

ನಾಲ್ಕು ದಶಕಗಳ ಅನುಭವದಿಂದ ನಾವು ಕೇಳಬೇಕಾದ್ದು ಸ್ಪಷ್ಟ. ಪ್ರತಿ ಶುದ್ಧ ನೀರಿನ ಘಟಕದ ಗೋಡೆಯ ಮೇಲೆ ಒಳಬರುವ ನೀರಿನ, ಹೊರಕೊಡುವ ನೀರಿನ, ರಿಜೆಕ್ಟ್ ನೀರಿನ ಮೂರೂ ಪರೀಕ್ಷೆಯ ಅಂಕಿಗಳು ಇರಲಿ. ಘಟಕಕ್ಕೆ ಹಣ ಮಂಜೂರು ಮಾಡುವಾಗಲೇ ರಿಜೆಕ್ಟ್ ನೀರಿಗೆ ಜಾಗ ತೋರಿಸುವುದು ಕಡ್ಡಾಯವಾಗಲಿ. ಸಾಧ್ಯವಿರುವ ಕಡೆ ಅದನ್ನು ಶೌಚಾಲಯ, ತೊಳೆಯುವ ಕೆಲಸಗಳಿಗೆ ಬಳಸಲಿ. ತೀರಾ ಗಟ್ಟಿಯಾದದ್ದನ್ನು ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಆವಿಯಾಗಿಸಿ, ಉಳಿದ ಲವಣವನ್ನು ಅಪಾಯಕಾರಿ ತ್ಯಾಜ್ಯದ ತಾಣಕ್ಕೆ ಸಾಗಿಸಲಿ.

ಕೈಗಾರಿಕಾ ಪ್ರದೇಶಗಳಲ್ಲಿ ಶುದ್ಧಿ ಪ್ಲೇಟಿಂಗ್ ತೊಟ್ಟಿಯ ಪಕ್ಕದಲ್ಲೇ ಆಗಲಿ. ಸಣ್ಣ ಪ್ಲೇಟಿಂಗ್ ಘಟಕಗಳಿಗೆ ಒಬ್ಬೊಬ್ಬರೇ ಪೊರೆಯ ಯಂತ್ರ ಕೊಳ್ಳಲು ಆಗುವುದಿಲ್ಲ. ಹತ್ತಾರು ಘಟಕಗಳು ಹಂಚಿಕೊಳ್ಳುವ ವ್ಯವಸ್ಥೆಗೆ ಸರ್ಕಾರ ಬಂಡವಾಳ ಹೂಡಲಿ. ನಮ್ಮ ಐಐಟಿ, ಎನ್‌ಐಟಿಗಳಲ್ಲಿ ಪ್ರಯೋಗಾಲಯದಲ್ಲಿ ಪಳಗಿದ ವಿಧಾನಗಳಿಗೆ ಪೀಣ್ಯದಂಥ ಕಡೆ ವರ್ಷಗಟ್ಟಲೆ ನಡೆಯುವ ಪ್ರಾಯೋಗಿಕ ಘಟಕ ಸಿಗಲಿ. ಅಲ್ಲಿ ಅಳೆಯುವುದು ಎಷ್ಟು ಶೇಕಡ ವಿಷ ತಡೆಯಿತು ಎಂದಷ್ಟೇ ಅಲ್ಲ. ಸರ್ಫ್ಯಾಕ್ಟಂಟ್ ಎಷ್ಟು ಮರಳಿ ಸಿಕ್ಕಿತು, ಎಷ್ಟು ಸೋರಿತು, ಹಿಡಿದ ಲೋಹ ಯಾರ ಕೈ ಸೇರಿತು ಎಂಬುದೂ ದಾಖಲಾಗಬೇಕು.

ಫ್ಲೋರೈಡಿನ ಹಳ್ಳಿಗಳಿಗೆ ದೀರ್ಘಕಾಲದ ಉತ್ತರ ಪೊರೆಯಲ್ಲಿಲ್ಲ. ನದಿಯ ನೀರು ತರುವ ಬಹುಗ್ರಾಮ ಯೋಜನೆ, ಚಾವಣಿಯ ಮಳೆನೀರು, ಹೂಳೆತ್ತಿದ ಕೆರೆ, ಕೊಳವೆಬಾವಿಯ ಆಳವನ್ನು ತಡೆಯುವ ಕಟ್ಟುನಿಟ್ಟು ಇವುಗಳಲ್ಲಿದೆ. ಕಲ್ಲಿನಿಂದ ಬಂದ ವಿಷವನ್ನು ದಿನವೂ ಸೋಸುತ್ತ ಕೂರುವುದಕ್ಕಿಂತ ಆ ಕಲ್ಲನ್ನು ಮುಟ್ಟದ ನೀರನ್ನು ಕುಡಿಸುವುದು ಮೇಲು. ಆರ್‌ಒ ಘಟಕ ಅಲ್ಲಿಯವರೆಗಿನ ಆಸರೆ.

ಅಮೆರಿಕದ 77 ತಾಣಗಳೂ ಕ್ಯಾಂಪ್ ಲಿಜೂನ್‌ನ ಕುಟುಂಬಗಳೂ ಹೇಳುವ ಪಾಠ ಒಂದೇ. ಅಂತರ್ಜಲವನ್ನು ಕೆಡಿಸಲು ಕೆಲವು ವರ್ಷ ಸಾಕು, ಸರಿಪಡಿಸಲು ತಲೆಮಾರುಗಳು ಬೇಕು. ಸರ್ಫ್ಯಾಕ್ಟಂಟೂ ಪೊರೆಯೂ ನಮಗೆ ಕೊಟ್ಟ ಶಕ್ತಿ ಅಮೂಲ್ಯ. ಆ ಶಕ್ತಿಗೆ ಜವಾಬ್ದಾರಿ ಜೊತೆಯಾಗಬೇಕಾದರೆ ಮುಂದಿನ ದಶಕದ ಪ್ರತಿಯೊಂದು ಟೆಂಡರು, ಪ್ರತಿಯೊಂದು ಉದ್ಘಾಟನೆ, ಪ್ರತಿಯೊಂದು ವರದಿ ಮೊದಲು ಈ ಪ್ರಶ್ನೆಗೆ ಉತ್ತರಿಸಲಿ: ನೀರಿನಿಂದ ತೆಗೆದ ವಿಷ ಎಲ್ಲಿಗೆ ಹೋಗುತ್ತದೆ, ಅದಕ್ಕೆ ಹೊಣೆ ಯಾರು? ಉತ್ತರವಿಲ್ಲದ ಯೋಜನೆಗೆ ಒಪ್ಪಿಗೆ ಕೊಡಬಾರದು. ಗ್ರಾಮಸಭೆಯಲ್ಲಿ ಕೂತ ಯಾವ ಹೆಣ್ಣುಮಗಳಾದರೂ, ಯಾವ ರೈತನಾದರೂ ಈ ಪ್ರಶ್ನೆಯನ್ನು ಕೇಳಬಹುದು. ಕೇಳಲು ಶುರುಮಾಡಬೇಕಾದ ಕಾಲ ಇದು.